ಒರಳು ತೊಳೆಯುವ ಸರದಿ

“ಇದನ್ನ ನಾನು ಕಳಿಸಲ್ಲ,” ಎಂದು ನಿರ್ದೇಶಕರು ನನ್ನ ಹಾಳೆಗಳನ್ನು ಮೇಜಿನ ಮೇಲೆ ಒಗೆದರು. “ನಿಮಗೇನು ತಲೆ ಕೆಟ್ಟಿದೆಯಾ? ನಿಮ್ಮ ಹೆಸರನ್ನ ನೀವೇ ಹೊಡೆದು ಹಾಕಿದ್ದೀರಲ್ಲ.”

“ಹೊಡೆದು ಹಾಕಿಲ್ಲ. ಬರೆದೇ ಇಲ್ಲ.”

“ಎರಡೂ ಒಂದೇ.”

“ಒಂದೇ ಅಲ್ಲ. ನಂದಲ್ಲದ್ದನ್ನ ನಂದು ಅಂತ ಬರೀಲಿಲ್ಲ. ಅದು ಯಾರದ್ದೋ ಅವರ ಹೆಸರು ಬರೆದೆ. ಸಹಿ ಹಾಕಿ ಕಳಿಸಿ.”

“ಲೋಕ ಎಲ್ಲಾ ಅದನ್ನ ನಿಮ್ಮ ಹೆಸರಲ್ಲಿ ಕರೆಯುತ್ತೆ ಕಣ್ರೀ. ಸಿಮೆಂಟಿನವರು ಕರೀತಾರೆ, ಔಷಧಿ ಕಂಪನಿಯವರು ಕರೀತಾರೆ, ಪಾಠದ ಪುಸ್ತಕದಲ್ಲಿದೆ. ಕೆಳಗೆ ಹೊಸ ಸಭಾಂಗಣದ ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿದೆ. ಈಗ ಬಂದು ಅದು ನಂದಲ್ಲ ಅಂದ್ರೆ?”

“ಈಗ ಬಂದು ಹೇಳ್ತಿಲ್ಲ. ಮೊದಲಿಂದ್ಲೂ ಹೇಳ್ತಿದ್ದೀನಿ. ನಿಮ್ಮ ಕಿವಿ ಈಗ ತೆರೀತು.”

“ಸ್ವಲ್ಪ ದನಿ ಇಳಿಸಿ.”

“ನನ್ನ ದನಿ ಇರೋದೇ ಇಷ್ಟು. ಇಳಿಸೋಕೆ ತಿರುಗುಣಿ ಇಟ್ಟು ಹುಟ್ಟಿಸಿಲ್ಲ ನಮ್ಮಪ್ಪ.”

ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ನನಗಿಂತ ಚಿಕ್ಕವರು, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಯಾರಿಗೂ ಇಲ್ಲ ಅನ್ನುವವರಲ್ಲ, “ನೋಡೋಣ” ಅನ್ನುತ್ತಾರೆ. ಒಂದು ಪತ್ರದಲ್ಲಿ ಮುಗಿಯದೆ ಎರಡನೇ ಪತ್ರ ಬರೆಯಬೇಕಾಗಿ ಬರುವುದೆಲ್ಲ ಅವರ ಲೆಕ್ಕದಲ್ಲಿ ತಲೆನೋವು. ಅವತ್ತು ಅವರಿಗೆ ನಾನೇ ತಲೆನೋವಾಗಿದ್ದೆ.

ವಿಷಯ ಇಷ್ಟು. ಪುಡಿಯ ಮೇಲೆ ಎಕ್ಸ್-ರೇ ಹಾಯಿಸಿ ಅದರ ಒಳಗಿನ ಕಟ್ಟು ತಿಳಿಯುವ ವಿದ್ಯೆ ನಮ್ಮದು. ಈ ವಿದ್ಯೆಯವರೆಲ್ಲ ಸೇರಿ ಒಂದು ದೊಡ್ಡ ಕೈಪಿಡಿ ತರುತ್ತಿದ್ದರು. ಇನ್ನು ಮುಂದೆ ಯಾವ ವಿಧಾನಕ್ಕೆ ಯಾವ ಹೆಸರು ಅನ್ನುವುದು ಅದರಲ್ಲಿ ಅಚ್ಚಾದ ಹಾಗೆ. ಅದನ್ನು ನೋಡಿ ಪಾಠದ ಪುಸ್ತಕ ಬರೆಯುತ್ತಾರೆ, ಯಂತ್ರ ಮಾರುವವರು ಗುಂಡಿಯ ಮೇಲೆ ಅದೇ ಹೆಸರು ಕೊರೆಯುತ್ತಾರೆ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಒಂದು ವಿಧಾನ ನನ್ನ ಹೆಸರಿನಲ್ಲಿ ಓಡಾಡುತ್ತಿತ್ತಾದ್ದರಿಂದ ಅದರ ಅಧ್ಯಾಯವನ್ನು ನನಗೇ ಬರೆಯಲು ಹೇಳಿದ್ದರು. ಸಂಸ್ಥೆಯ ಮುಖ್ಯಸ್ಥರ ಸಹಿ ಇಲ್ಲದೆ ಅಧ್ಯಾಯ ಹೋಗುವ ಹಾಗಿರಲಿಲ್ಲ. ನಾನು ಅಧ್ಯಾಯ ಬರೆದೆ, ತಲೆಬರಹದಿಂದ ಕೊನೆಯ ಸಾಲಿನವರೆಗೆ ವಿಧಾನವನ್ನು ಅಕ್ಕನ ಹೆಸರಿನಿಂದ ಕರೆದೆ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಪುಡಿಗಳನ್ನು ಅರೆದು ಅಳೆಯುವ ನಮ್ಮ ಪುಡಿ ಕೋಣೆಯಲ್ಲಿ ನನ್ನ ಜೊತೆ ಕೆಲಸಕ್ಕೆ ಸೇರಿದ ವಿಜ್ಞಾನಿ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳು. ನಾನು ಅಕ್ಕ ಅಂದೆ, ಆಮೇಲೆ ಇಡೀ ಸಂಸ್ಥೆ ಅಕ್ಕ ಅಂದಿತು.

“ಒಂದು ಕೆಲಸ ಮಾಡೋಣ,” ಅಂದರು ನಿರ್ದೇಶಕರು, ಹಾಳೆಗಳನ್ನು ಒಟ್ಟುಗೂಡಿಸಿ ಅಂಚು ತಟ್ಟುತ್ತಾ. ಒಗೆದದ್ದಕ್ಕೆ ಅವರಿಗೇ ಬೇಸರ ಆಗಿತ್ತು ಅಂತ ಕಾಣುತ್ತದೆ. “ನಾಳೆ ಹಿರಿಯರನ್ನೆಲ್ಲ ಕೂರಿಸ್ತೀನಿ. ಅಕ್ಕನ್ನೇ ಕೇಳೋಣ. ಈ ವಿಧಾನ ನಂದು ಅಂತ ಅವರು ಅವರ ಬಾಯಲ್ಲೇ ಹೇಳಲಿ, ಸಹಿ ಹಾಕಿಬಿಡ್ತೀನಿ. ಮಾತು ಕೊಟ್ಟೆ. ಹೇಳಲಿಲ್ಲ ಅಂದ್ರೆ ನೀವು ನಿಮ್ಮ ಹೆಸರು ಹಾಕಿ ಬರ್ಕೊಡಬೇಕು.”

ಈಜು ಬಾರದವನಿಗೆ ಆ ದಡದಲ್ಲಿ ಊಟ ಬಡಿಸಿದ ಹಾಗಿತ್ತು ಆ ಮಾತು. ಅಕ್ಕ “ನಂದು” ಅನ್ನುವ ಪದ ಆಡಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ತನ್ನ ಊಟದ ಡಬ್ಬಿಯನ್ನು ಕೂಡ “ಅಲ್ಲಿರೋ ಡಬ್ಬಿ ಇತ್ತ ಕೊಡು” ಅನ್ನುವವಳು. ಒಂದು ಸಲ ಅವಳ ಕೊಡೆಯನ್ನು ಲೆಕ್ಕಪತ್ರ ವಿಭಾಗದವರೊಬ್ಬರು ತಮ್ಮದೆಂದು ಹಿಡಿದುಕೊಂಡು ಅವಳ ಎದುರಿಗೇ ಮೆಟ್ಟಿಲಿಳಿದು ಹೋದರು. ಅವಳು ನೆನೆದುಕೊಂಡು ಮನೆಗೆ ಹೋದಳು. ಯಾಕೆ ಕೇಳಲಿಲ್ಲ ಅಂದರೆ, “ಅವರ ಮನೆ ದೂರ” ಅಂದಳು. ಮರುದಿನ ನಾನು ಲೆಕ್ಕಪತ್ರದವರ ಕೋಣೆಗೆ ಹೋಗಿ ಕೊಡೆ ಕಿತ್ತುಕೊಂಡು ಬಂದೆ. ಅದಕ್ಕೂ ಅವಳು ನನ್ನನ್ನೇ ಬೈದಳು.

ಇದೆಲ್ಲ ನಿರ್ದೇಶಕರಿಗೂ ಗೊತ್ತಿತ್ತು. ಗೊತ್ತಿದ್ದೇ ಮಾತು ಕೊಟ್ಟರು.

“ಆಯ್ತು. ನಾಳೆ ಕೂರಿಸಿ,” ಅಂದೆ.

ಆ ವಿಧಾನ ಏನು ಅಂತ ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಯಾವುದೇ ವಸ್ತುವನ್ನು ನುಣ್ಣಗೆ ಅರೆದು, ಒಂದು ಬಿಲ್ಲೆಯ ತಗ್ಗಿನಲ್ಲಿ ತುಂಬಿ, ಎಕ್ಸ್-ರೇ ಹಾಯಿಸಿದರೆ ಒಂದು ಗೆರೆ ಬರುತ್ತದೆ. ಗೆರೆಯ ಮೇಲೆ ಅಲ್ಲಲ್ಲಿ ಚೂಪಾದ ಏರುಗಳು. ನಾವು ಪೀಕು ಅನ್ನುತ್ತೇವೆ. ಯಾವ ಪೀಕು ಎಲ್ಲಿದೆ, ಎಷ್ಟೆತ್ತರ ಇದೆ ಅನ್ನುವುದರಿಂದ ಪುಡಿಯಲ್ಲಿ ಏನೇನಿದೆ, ಎಷ್ಟೆಷ್ಟಿದೆ ಅಂತ ಹೇಳಬಹುದು. ಆದರೆ ಕಣಗಳು ಎಲ್ಲ ದಿಕ್ಕಿಗೂ ಮುಖ ಮಾಡಿ ಬಿದ್ದಿರಬೇಕು. ಜೇಡಿಮಣ್ಣು, ಅಭ್ರಕದಂಥ ಚಪ್ಪಟೆ ಕಣಗಳು ಹಾಗೆ ಬೀಳುವುದಿಲ್ಲ. ಚೆಲ್ಲಿದ ಇಸ್ಪೀಟ್ ಎಲೆಗಳ ಹಾಗೆ ಎಲ್ಲವೂ ಬೆನ್ನ ಮೇಲೆ ಮಲಗಿಬಿಡುತ್ತವೆ. ಆಗ ಕೆಲವು ಪೀಕು ಇಲ್ಲದ ಎತ್ತರಕ್ಕೆ ಏರುತ್ತವೆ, ಕೆಲವು ಮುದುಡುತ್ತವೆ. ಲೆಕ್ಕ ಸುಳ್ಳಾಗುತ್ತದೆ.

ಎಲ್ಲರೂ ಅವನ್ನು ಮಲಗದ ಹಾಗೆ ತಡೆಯಲು ಹೆಣಗುತ್ತಿದ್ದರು. ಅಕ್ಕ ಉಲ್ಟಾ ಮಾಡಿದಳು. ಒಂದೇ ಪುಡಿಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಇನ್ನೂ ಜೋರಾಗಿ ಒತ್ತಿ, ಪ್ರತಿ ಸಲವೂ ಗೆರೆ ತೆಗೆದಳು. ಮಲಗಿದಷ್ಟೂ ಯಾವ ಪೀಕು ಎಷ್ಟು ಬೆಳೆಯಿತು ಅಂತ ನೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಒಂದು ಕಣವೂ ಮಲಗದೆ ಇದ್ದಿದ್ದರೆ ಗೆರೆ ಹೇಗಿರುತ್ತಿತ್ತು ಅನ್ನುವಲ್ಲಿಗೆ ಮುಟ್ಟಿದಳು. ನಾವು ಕೋಣೆಯಲ್ಲಿ ಅದನ್ನು ಜೋಗುಳ ಅನ್ನುತ್ತಿದ್ದೆವು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹಾಗಾದರೆ ಅದಕ್ಕೆ ನನ್ನ ಹೆಸರು ಎಲ್ಲಿಂದ ಬಂತು? ಒರಳಿನಿಂದ ಬಂತು.

ಪುಡಿ ಕೋಣೆಯಲ್ಲಿ ಅಗೇಟ್ ಅನ್ನುವ ಗಟ್ಟಿ ಕಲ್ಲಿನ ಒಂದು ಪುಟ್ಟ ಒರಳಿತ್ತು, ಅಂಗೈಯಲ್ಲಿ ಕೂರುವಷ್ಟು. ಒಂದು ಪುಡಿ ಇನ್ನೊಂದಕ್ಕೆ ಸೇರಬಾರದು ಅಂತ ಅದನ್ನು ಪ್ರತಿ ಸಲವೂ ನುಣುಪು ಮರಳು ಹಾಕಿ ಅರೆದು, ತೊಳೆದು, ಒಣಗಿಸಬೇಕು. ಯಾರಿಗೂ ಬೇಡದ ಕೆಲಸ. ಆ ಕೋಣೆಯನ್ನು ಕಟ್ಟಿ ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮೇಷ್ಟ್ರು ಅದನ್ನು ವಾರಕ್ಕೊಬ್ಬರ ಸರದಿ ಮಾಡಿದ್ದರು. ಅವರೂ ತೊಳೆಯುತ್ತಿದ್ದರು. ನಮಗಿಂತ ಮುಂಚೆ ಅವರ ಇಬ್ಬರು ಶಿಷ್ಯರು ಲೇಖನವೊಂದರಲ್ಲಿ ಯಾರ ಹೆಸರು ಮೊದಲು ಅಂತ ಜಗಳವಾಡಿ ಮಾತು ಬಿಟ್ಟು, ಕೊನೆಗೆ ಕೆಲಸವನ್ನೇ ಬಿಟ್ಟು ಹೋಗಿದ್ದರಂತೆ. ಅದರಿಂದ ಬೇಸತ್ತು ಮೇಷ್ಟ್ರು ಇನ್ನೊಂದು ಕಾನೂನು ತಂದರು. ಲೇಖನ ಟಪಾಲಿಗೆ ಬೀಳುವ ವಾರ ಒರಳು ಯಾರ ಸರದಿಯಲ್ಲಿದೆಯೋ ಅವರ ಹೆಸರು ಮೊದಲು. “ಉಗುರಿಗೆ ಮರಳು ಹತ್ತಿಸಿಕೊಂಡವರಿಗೆ ಅಷ್ಟಾದರೂ ಸಿಗಲಿ” ಅನ್ನುತ್ತಿದ್ದರು. ನಮಗೆ ಅದು ನ್ಯಾಯವಾಗೇ ಕಂಡಿತು, ಜಗಳವೂ ನಿಂತಿತು. ಹೊರಗಿನವರಿಗೆ ನಮ್ಮ ಒರಳು ಗೊತ್ತಿಲ್ಲ ಅನ್ನುವುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಜೋಗುಳದ ಲೇಖನ ಟಪಾಲಿಗೆ ಬಿದ್ದ ವಾರ ಒರಳು ನನ್ನ ಸರದಿಯಲ್ಲಿತ್ತು. ನಾನು, ಅಕ್ಕ, ಮೇಷ್ಟ್ರು ಅಂತ ಹೆಸರು ಬಿತ್ತು. ಓದಿದವರು ಮೊದಮೊದಲು ‘ಇಂಥವನು ಮತ್ತು ಇತರರು’ ಅಂತ ಬರೆದರು. ಬರಬರುತ್ತಾ ‘ಇತರರು’ ಉದುರಿಹೋದರು, ಹಲ್ಲಿಯ ಬಾಲದ ಹಾಗೆ. ಹಲ್ಲಿಗಾದರೂ ಬಾಲ ತಿರುಗಿ ಬೆಳೆಯುತ್ತದೆ.

ನಮ್ಮೂರ ಶಾಲೆಯಲ್ಲಿ ಬೇರೆಯವರ ಸ್ಲೇಟಿನ ಮೇಲೆ ಹೆಸರು ಗೀಚಿದರೆ ಕಿವಿ ಹಿಂಡುತ್ತಿದ್ದರು. ಇಲ್ಲಿ ಚಪ್ಪಾಳೆ ಹೊಡೆದರು. ಕರೆದ ಸಭೆಗಳಲ್ಲೆಲ್ಲ ಎದ್ದು ನಿಂತು, ಇದು ನನ್ನದಲ್ಲ, ಅಕ್ಕನದ್ದು, ಆ ವಾರ ಒರಳು ತೊಳೆದವನು ನಾನು ಅಂದೆ. ಜನ ನಕ್ಕರು. ಎಂಥ ವಿನಯ ಅಂದರು. ಒಬ್ಬರು ಹಾರ ತಂದು ಹಾಕಿದರು. ನಾನು ಸಿಟ್ಟಿನಿಂದ ಮೇಜು ಗುದ್ದಿದಷ್ಟೂ ನನ್ನ ವಿನಯದ ಸುದ್ದಿ ಹಬ್ಬುತ್ತಾ ಹೋಯಿತು. ನನ್ನ ಹೆಂಡತಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ. “ನಿಮ್ಮನ್ನ ವಿನಯವಂತ ಅಂದೋರನ್ನ ಒಂದು ದಿನ ಮನೆಗೆ ಕರ್ಕೊಂಡು ಬನ್ನಿ, ಊಟಕ್ಕೆ ಉಪ್ಪು ಕಮ್ಮಿ ಮಾಡಿ ತೋರಿಸ್ತೀನಿ,” ಅನ್ನುತ್ತಿದ್ದಳು.

ಅವತ್ತು ಸಂಜೆ ಕೆಲಸ ಮುಗಿಸಿ ನೇರ ಅಕ್ಕನ ಮನೆಗೆ ಹೋದೆ. ಎರಡನೇ ಮಹಡಿ, ಎರಡು ಕೋಣೆ. ಅವಳ ತಾಯಿ ಕಿಟಕಿಯ ಹತ್ತಿರ ಕೂತು ಮೊರದಲ್ಲಿ ಬಟಾಣಿ ಬಿಡಿಸುತ್ತಿದ್ದರು. ಅಕ್ಕ ಇಸ್ತ್ರಿ ಪೆಟ್ಟಿಗೆಯ ವೈರು ಬಿಚ್ಚಿಟ್ಟುಕೊಂಡು ಮೂಗಿನ ತುದಿಗೆ ಕನ್ನಡಕ ಇಳಿಸಿದ್ದಳು. ಗಂಡಸರ ಕೈಗಡಿಯಾರವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟಿಕೊಳ್ಳುವುದು ಅವಳ ಅಭ್ಯಾಸ. ಅದನ್ನು ನೋಡಿಕೊಂಡು, “ಇಷ್ಟು ಹೊತ್ತಿನಲ್ಲಿ ಬಂದಿದ್ದೀಯ ಅಂದ್ರೆ ಯಾರ ಜೊತೆಗೋ ಜಗಳ ಆಡಿ ಬಂದಿದ್ದೀಯ,” ಅಂದಳು.

“ಆಡಿ ಬಂದೆ. ನಿನ್ನ ಜೊತೆ ಆಡೋಣ ಅಂತಾನೂ ಬಂದೆ.”

“ಕೂತ್ಕೊಂಡು ಆಡಪ್ಪ,” ಅಂದರು ಅಮ್ಮ, ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿ. ನಾನೂ ಬಟಾಣಿ ಬಿಡಿಸಲು ಕೂತೆ.

ನಡೆದದ್ದು ಹೇಳಿದೆ. “ನಾಳೆ ನಿನ್ನ ಕೇಳ್ತಾರೆ. ಹೌದು, ನಂದು, ಅನ್ನು. ಅಷ್ಟೇ. ಅಷ್ಟಕ್ಕೇ ಸಹಿ ಬೀಳುತ್ತೆ.”

“ನಡೆದದ್ದು ಹೇಳ್ತೀನಿ.”

“ನಡೆದದ್ದೇ ಅದು.”

“ಪೂರ್ತಿ ಅಲ್ಲ. ಮೊದಲು ನೀನು ಬೈದೆ.”

ಅದು ನಿಜ. ಅಕ್ಕ ಆಗ ಕಣಗಳು ಮಲಗದ ಹಾಗೆ ಮಾಡಲು ಏನೇನೋ ಮಾಡುತ್ತಿದ್ದಳು. ಜರಡಿಯಿಂದ ಉದುರಿಸಿದಳು, ಬಿಲ್ಲೆಯ ಬೆನ್ನಿನಿಂದ ತುಂಬಿದಳು, ಗಾಜಿನ ಪುಡಿ ಬೆರೆಸಿದಳು. ಯಂತ್ರ ಅವಳ ಕೈಯಿಂದ ಬಿಡುವಾಗುತ್ತಿರಲಿಲ್ಲ. ನನ್ನ ಪುಡಿಗಳು ಸಾಲು ಹಿಡಿದು ಕಾಯುತ್ತಿದ್ದವು. ಒಂದು ದಿನ ನನಗೆ ತಡೆಯಲಾಗಲಿಲ್ಲ.

“ಏನಂದೆ, ನೆನಪಿದೆಯಾ?” ಅಂದಳು. “ಮಲಗೋದು ಮಲಗಿಯೇ ಮಲಗುತ್ತೆ, ಇನ್ನೂ ಜೋರಾಗಿ ಒತ್ತಿ ಮಲಗಿಸಿ ಜೋಗುಳ ಹಾಡು ಹೋಗು, ಅಂದೆ.”

“ಸಿಟ್ಟಿನಲ್ಲಿ ಅಂದೆ.”

“ಅಂದೆ ತಾನೇ? ನಾನು ಒತ್ತಿದೆ.”

“ನಿನ್ನ ಮನೆ ಹಾಳಾಗ ಅಂತ ಬೈದೋನ ಹೆಸರಿಗೆ ಆ ಮನೆ ಬರ್ಕೊಡ್ತಾರಾ?”

ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಅಕ್ಕ ನಗಲಿಲ್ಲ. ತಿರುಪು ಬಿಗಿ ಮಾಡುತ್ತಾ, “ಹೆಸರು ಯಾಕೆ ಬೇಕು ಅದಕ್ಕೆ? ಜರಡಿಗೆ ಯಾರ ಹೆಸರಿದೆ? ಒತ್ತಿ ಅಳೆಯೋ ವಿಧಾನ ಅನ್ನಲಿ,” ಅಂದಳು.

“ಅಂದ್ರೆ ಆಯ್ತಾ? ಹೆಸರಿಲ್ಲದ್ದಕ್ಕೆ ಜನ ಹಳೇ ಹೆಸರನ್ನೇ ಕೂಗ್ತಾರೆ. ಹಳೇ ಹೆಸರು ನಂದು. ಬಾಗಿಲ ಮೇಲೆ ಹಿತ್ತಾಳೆಯಲ್ಲಿದೆ. ನನ್ನ ತಲೆ ಮೇಲಿಂದ ಅದನ್ನ ಇಳಿಸೋಕೆ ನಿನ್ನ ಹೆಸರೇ ಬೇಕು. ಬೇರೆ ಯಾವ ಹಾರೆಯೂ ಅದನ್ನ ಕೀಳಲ್ಲ.”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟಳು.

“ನನಗೆ ಬೇಡ ಅನ್ಕೊಂಡಿದ್ದೀಯಾ?” ಅಂದಳು. “ಆ ಬಾಗಿಲ ಕೆಳಗೆ ದಿನಾ ಹಾದು ಹೋಗ್ತೀನಿ. ಮೆಟ್ಟಿಲು ನೋಡೋ ನೆಪದಲ್ಲಿ ತಲೆ ಬಗ್ಗಿಸಿ ಹೋಗ್ತೀನಿ. ಬೇಕು. ಕೇಳದೆ ಕೊಟ್ಟಿದ್ರೆ ಎರಡೂ ಕೈ ಚಾಚಿ ತಗೋತಿದ್ದೆ. ಮೇಷ್ಟ್ರು ತೀರಿಕೊಂಡಾಗಲೂ ಕೊಡಲಿಲ್ಲ, ಸಭಾಂಗಣ ಕಟ್ಟಿದಾಗಲೂ ಕೊಡಲಿಲ್ಲ. ಈಗ ನಾಲ್ಕು ಜನರ ಮುಂದೆ ನಿಂತು ನಂದು, ನಂದು ಅಂತ ಬಾಯಿ ಬಿಡಬೇಕಾ? ಬಿಟ್ಟೆ ಅಂತಾನೇ ಇಟ್ಕೋ. ಹಾಗೆ ಕೇಳಿ ಪಡೆದ ಮೇಲೆ ಆ ಕಟ್ಟಡದಲ್ಲಿ ನಾನು ಕೂತು ಕೆಲಸ ಮಾಡಲ್ಲ. ಒಂದು ದಿನಾನೂ ಮಾಡಲ್ಲ. ಅದು ನನ್ನ ಕೈಲಾಗಲ್ಲ.”

ಅಕ್ಕ ಸುಮ್ಮನೆ ಬೆದರಿಸುವವಳಲ್ಲ. ಇಡೀ ಸಂಸ್ಥೆಯಲ್ಲಿ ನನ್ನ ಸಿಟ್ಟನ್ನು ಕೆಮ್ಮಿನ ಹಾಗೆ ಕೇಳಿಸಿಕೊಂಡು, ಮುಗಿದ ಮೇಲೆ ನೀರು ಕೊಟ್ಟು ಕೆಲಸ ಮುಂದುವರಿಸುವವಳು ಅವಳೊಬ್ಬಳೇ. ಅವಳಿಲ್ಲದ ಪುಡಿ ಕೋಣೆಯನ್ನು ನಾನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡೆ. ತಂದುಕೊಳ್ಳಬಾರದಿತ್ತು.

ಹೊರಟಾಗ ಅಮ್ಮ ಬಾಗಿಲವರೆಗೆ ಬಂದರು. ಮೆಟ್ಟಿಲ ಬಳಿ ನಿಂತು ದನಿ ತಗ್ಗಿಸಿದರು.

“ಇವಳು ಹುಟ್ಟಿದಾಗಲೂ ಅಳಲಿಲ್ಲ ಕಣಪ್ಪ. ನೀಲಿ ಆಗಿದ್ಲು. ಅಳದ ಕೂಸಿಗೆ ಹಾಲು ಕೊಡೋದು ಹೇಗೆ? ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ತಟ್ಟಿ ತಟ್ಟಿ ಅಳಿಸಿದ್ಲು. ನಾನು ಸಾಕು ಬಿಡು ಅಂತ ಕೂಗಿಕೊಂಡೆ. ಅವಳು ಬಿಡಲಿಲ್ಲ.” ಕೈಯಲ್ಲಿದ್ದ ಒಂದು ಬಟಾಣಿ ಕಾಳನ್ನು ಬೆರಳಲ್ಲಿ ತಿರುಗಿಸಿದರು. “ನಾಳೆ ತಟ್ಟೋದಾದ್ರೆ ಸರಿಯಾಗಿ ತಟ್ಟು. ಅರ್ಧ ತಟ್ಟಿ ಬಿಟ್ರೆ ಇದ್ದ ಉಸಿರೂ ಹೋಗುತ್ತೆ.”

“ಆಮೇಲೆ ಅವಳು ಕೆಲಸ ಬಿಡ್ತಾಳೆ ಅಮ್ಮ.”

“ಬಿಡಲಿ. ಮನೇಲಿ ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡ್ಕೊಂಡಿರಲಿ. ತಲೆ ಎತ್ಕೊಂಡು ಮಾಡಲಿ.”

ದಾರಿಯುದ್ದಕ್ಕೂ ನನ್ನ ಜೊತೆ ನಾನೇ ವಾದ ಮಾಡಿದೆ. ಹೆಸರು ಅವಳಿಗೆ ಬಂದರೆ ಅವಳು ನನಗಿಲ್ಲ. ಅವಳು ಕೋಣೆಯಲ್ಲಿ ಉಳಿದರೆ ಹೆಸರು ಕೊನೆತನಕ ನನ್ನ ಕೊರಳಿಗೆ. ಮನೆಯ ಗೇಟು ಮುಟ್ಟುವ ಹೊತ್ತಿಗೆ ತೀರ್ಮಾನವಾಗಿತ್ತು. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆಯ ಪೆಟ್ಟು ಎಣಿಸಬಾರದು.

ಮರುದಿನ ಬೆಳಿಗ್ಗೆ ಮೊದಲ ಮಹಡಿಯ ಸಭೆಯ ಕೋಣೆಯಲ್ಲಿ ಕೂತೆವು. ಉದ್ದ ಮೇಜು, ನೀರಿನ ಲೋಟಗಳು, ಓಡುವಾಗ ಟಕಟಕ ಅನ್ನುವ ಫ್ಯಾನು. ನಿರ್ದೇಶಕರು, ನಾನು, ಅಕ್ಕ, ಬೇರೆ ವಿಭಾಗದ ಹಿರಿಯರಿಬ್ಬರು, ಮತ್ತೆ ಸಿಮೆಂಟಣ್ಣ. ಸಿಮೆಂಟಿನ ಪುಡಿಗಳ ಮೇಲೇ ಕೆಲಸ ಮಾಡಿ ತಲೆಗೂದಲೂ ಅದೇ ಬಣ್ಣಕ್ಕೆ ತಿರುಗಿದ್ದರಿಂದ ಅವರಿಗೆ ಆ ಹೆಸರು. ಜೋಗುಳದ ವಿಧಾನವನ್ನು ದಿನಾ ಬಳಸುವವರು ಅವರೇ.

ನಿರ್ದೇಶಕರು ವಿಷಯ ಹೇಳಿ, ಹಿಂದಿನ ದಿನ ಕೊಟ್ಟ ಮಾತನ್ನೂ ಎಲ್ಲರ ಎದುರು ಹೇಳಿದರು. ಧೈರ್ಯವಾಗೇ ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, “ಹೇಳಿ ಅಕ್ಕ. ಈ ವಿಧಾನ ಯಾರದ್ದು?” ಅಂದರು.

“ಮೊದಲು ಇವನು ಬೈದ,” ಎಂದು ಅಕ್ಕ ಶುರು ಮಾಡಿದಳು. ಜರಡಿ, ಗಾಜಿನ ಪುಡಿ, ನನ್ನ ಸಿಟ್ಟು, ಜೋಗುಳ, ಎಲ್ಲ ಹೇಳಿದಳು. ನನ್ನ ಬೈಗುಳವನ್ನು ಒಂದಕ್ಷರ ಬಿಡದೆ ಹೇಳಿದಳು. ಎಲ್ಲರೂ ನಕ್ಕರು. “ಅದನ್ನ ಕೇಳಿದ ಮೇಲೇ ನಾನು ಒತ್ತಿದ್ದು. ಹಾಗಾಗಿ ಮೂಲ ಇವನ ಮಾತು. ಇಷ್ಟೇ ನಡೆದದ್ದು.”

ನಿರ್ದೇಶಕರು ನನ್ನ ಹಾಳೆಗಳನ್ನು ನನ್ನ ಕಡೆಗೆ ತಳ್ಳಿದರು. “ಮುಗೀತಲ್ಲ? ಅವರೇ ಹೇಳಿದ್ರು, ಮೂಲ ನೀವು ಅಂತ. ಹೆಸರು ಸೇರಿಸಿ ಸಂಜೆಯೊಳಗೆ ಕೊಡಿ.”

“ಮುಗಿದಿಲ್ಲ. ನಾನು ಅವಳನ್ನ ಕೇಳೋದಿದೆ.” ಎದ್ದು ನಿಂತೆ. ಕೂತು ಮಾತಾಡಿದರೆ ನನ್ನ ತಲೆ ಓಡುವುದಿಲ್ಲ. “ಅಕ್ಕ, ಬೈದ ಮೇಲೆ ನಾನೇನು ಮಾಡಿದೆ?”

“ಬಾಗಿಲು ಬಡಿದು ಹೋದೆ.”

“ಎಲ್ಲಿಗೆ?”

“ಚಹ ಕುಡಿಯೋಕೆ.”

“ಬಂದ ಮೇಲೆ?”

“ನಿನ್ನ ಪುಡಿಗೆ ಯಂತ್ರ ಬಿಟ್ಕೊಡು ಅಂತ ಮತ್ತೆ ಜಗಳ ಆಡಿದೆ.”

“ನೀನು?”

“ನಾನು ಒತ್ತಿ ನೋಡ್ತಿದ್ದೆ.”

“ಒತ್ತಿದ್ದು ಸರಿಯಾಗಿ ಬಂತಾ?”

“ಇಲ್ಲ. ಒಂದೇ ತೂಕ ಇಟ್ಟು ಒತ್ತಿದ್ರೂ ಒಂದೊಂದು ಸಲ ಒಂದೊಂದು ಥರ ಮಲಗ್ತಿತ್ತು. ಗಾಳಿಯಲ್ಲಿ ತೇವ ಇದ್ರೆ ಬೇರೆ, ಒಣಗಿದ್ರೆ ಬೇರೆ.”

“ನಾನಾಗ ಏನಂದೆ?”

ಅವಳು ನನ್ನ ಮುಖ ನೋಡಿದಳು. ನನ್ನ ಪ್ರಶ್ನೆಗಳು ಎಲ್ಲಿಗೆ ಹೋಗುತ್ತಿವೆ ಅಂತ ಅವಳಿಗೆ ಗೊತ್ತಾಯಿತು. “ಕಸದ ಬುಟ್ಟಿಗೆ ಹಾಕು ಅಂದೆ.”

“ಹಾಕಿದೆಯಾ?”

“ಇಲ್ಲ.”

“ಎಷ್ಟು ಒತ್ತಿದ್ವಿ ಅಂತ ಅಳೀಬಾರದು, ಎಷ್ಟು ಮಲಗಿದ್ವು ಅಂತ ಗೆರೆಯಿಂದಲೇ ಅಳೀಬೇಕು, ಒಂದು ಪೀಕನ್ನೇ ಅಳತೆಗೋಲು ಮಾಡ್ಕೊಂಡು ಉಳಿದದ್ದನ್ನ ಅದರ ಪಕ್ಕದಲ್ಲಿ ನಿಲ್ಲಿಸಬೇಕು. ಇದು ಯಾರಿಗೆ ಹೊಳೀತು?”

ಅಕ್ಕ ನೀರಿನ ಲೋಟವನ್ನು ಬದಿಗೆ ಸರಿಸಿದಳು.

“ಮೇಷ್ಟ್ರಿಗಾ?”

“ಇಲ್ಲ. ಅವರು ಆಸ್ಪತ್ರೆಯಲ್ಲಿದ್ರು.”

“ನನಗಾ?”

“ಇಲ್ಲ.”

“ಹಾಗಾದ್ರೆ ಕಸ ಗುಡಿಸೋರಿಗಾ? ಫ್ಯಾನಿಗಾ?”

“ಸಾಕು ಸುಮ್ನಿರು.”

“ಸುಮ್ನಿರಲ್ಲ. ಹಿಂದಕ್ಕೆ ನಡೆಯೋ ಲೆಕ್ಕ ಯಾರು ಹಾಕಿದ್ದು? ಮಳೆಗಾಲ ಪೂರ್ತಿ ಆ ಕೋಣೆಯಲ್ಲಿ ಯಾರು ಕೂತಿದ್ದು? ಅಭ್ರಕದಲ್ಲಿ ಸರಿ ಬಂದದ್ದು ಜೇಡಿಮಣ್ಣಿನಲ್ಲಿ ಯಾಕೆ ಬರ್ತಿಲ್ಲ ಅಂತ ಊಟ ಬಿಟ್ಟು ಯಾರು ಕೂತಿದ್ದು? ನಾನು ಆವಾಗ ಏನು ಮಾಡ್ತಿದ್ದೆ, ಅದನ್ನಾದ್ರೂ ಹೇಳು.”

“ಒರಳು ತೊಳೀತಿದ್ದೆ.” ಅವಳ ದನಿ ಸಣ್ಣಗಾಗಿತ್ತು.

“ಚೆನ್ನಾಗಿ ತೊಳೆದೆನಾ?”

“ಇಲ್ಲ. ನಾನು ಇನ್ನೊಂದು ಸಲ ತೊಳ್ಕೋತಿದ್ದೆ.”

ಈ ಸಲ ಯಾರೂ ನಗಲಿಲ್ಲ. ನಿರ್ದೇಶಕರು ಏನೋ ಹೇಳಲು ಬಾಯಿ ತೆರೆದರು. ಸಿಮೆಂಟಣ್ಣ ಕೈಯೆತ್ತಿ ತಡೆದರು.

“ಸುಳ್ಳು ಹೇಳೋಕೆ ಬರದೋಳು ನೀನು,” ಅಂದೆ. “ನಿನ್ನ ಒಂದು ಗೆರೆಯನ್ನೂ ನೀನು ತಿದ್ದಿಲ್ಲ. ಒಂದು ಪೀಕು ಎಲ್ಲಿದೆಯೋ ಅಲ್ಲೇ ಇಟ್ಟಿದ್ದೀಯ. ಇದೊಂದನ್ನ ಮಾತ್ರ ಇದ್ದಲ್ಲಿಂದ ಎತ್ತಿ ನನ್ನ ಮೇಲೆ ಯಾಕೆ ಇಡ್ತಿದ್ದೀಯ? ನಾನು ಬೈದದ್ದು ಹೇಳಿದೆ, ಸರಿ. ಇನ್ನುಳಿದದ್ದೂ ನಡೆದದ್ದೇ. ಅದನ್ನೂ ಹೇಳು. ಈ ವಿಧಾನ ಯಾರದ್ದು?”

ಅಕ್ಕ ಕೈಗಡಿಯಾರದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದಳು, ಮತ್ತೆ ಸಡಿಲ ಮಾಡಿದಳು. ಅವಳ ಕುತ್ತಿಗೆಯವರೆಗೆ ಕೆಂಪೇರಿತ್ತು. ಒಂದು ಗಳಿಗೆ ನನಗೆ ಅಯ್ಯೋ ಅನ್ನಿಸಿತು, ಬಿಟ್ಟುಬಿಡೋಣ ಅನ್ನಿಸಿತು. ಬಟಾಣಿ ಕಾಳು ಹಿಡಿದ ಮುದುಕಿಯ ಬೆರಳು ನೆನಪಾಯಿತು. ಕದಲದೆ ನಿಂತೆ.

“ನಂದು,” ಅಂದಳು ಅಕ್ಕ.

ಮೆಲ್ಲಗೆ ಅಂದದ್ದು. ಆಮೇಲೆ ತಲೆ ಎತ್ತಿ, ನಿರ್ದೇಶಕರನ್ನೇ ನೋಡಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದಳು. “ಆ ವಿಧಾನ ನಂದು. ಬೈದದ್ದು ಇವನು. ಮಾಡಿದ್ದು ನಾನು.”

ನಿರ್ದೇಶಕರು ಲೋಟ ಎತ್ತಿ ನೀರು ಕುಡಿದರು. “ಸರಿ, ಸಂತೋಷ. ನನಗೇನೂ ಅಡ್ಡಿ ಇಲ್ಲ. ಆದರೆ ನೋಡಿ, ಇಷ್ಟು ಕಾಲ ಬಳಕೆಯಲ್ಲಿರೋ ಹೆಸರು ಒಮ್ಮೆಗೇ ಬದಲಾದ್ರೆ ಓದೋರಿಗೆ ಗೊಂದಲ. ಮೇಲೆ ಹಳೇ ಹೆಸರೇ ಇರಲಿ. ಕೆಳಗೆ ಅಡಿಟಿಪ್ಪಣಿಯಲ್ಲಿ ಅಕ್ಕನ ಹೆಸರು ಹಾಕೋಣ. ಗೌರವವಾಗಿ, ಎರಡು ಸಾಲು—”

ಅಕ್ಕ ಎದ್ದಳು. ಕುರ್ಚಿಯನ್ನು ಸದ್ದಾಗದ ಹಾಗೆ ಮೇಜಿನೊಳಗೆ ಸರಿಸಿದಳು.

“ಹೋಗ್ತೀನಿ,” ಅಂದಳು.

“ಕೂತ್ಕೊಳ್ಳಿ ಅಕ್ಕ, ಚಹ ಬರ್ತಿದೆ. ಮಾತಾಡಿ ಮುಗಿಸೋಣ.”

“ನಾನು ಆಡೋ ಮಾತು ಆಡಿಯಾಯ್ತು.”

ನನ್ನ ಹಿಂದಿನಿಂದ ಹಾದು ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಒಂದು ಸಲ ಒತ್ತಿದಳು, ಪುಡಿಯನ್ನು ಒತ್ತುವ ಹಾಗೇ, ಹೆಬ್ಬೆರಳಿನಿಂದ. ಬಾಗಿಲು ತೆರೆದು ಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು.

ಹಿಂದೆಯೇ ಓಡಬೇಕು ಅನ್ನಿಸಿತು. ಓಡಿದ್ದರೆ ಹಾಳೆ ಮೇಜಿನ ಮೇಲೇ ಉಳಿಯುತ್ತಿತ್ತು, ಅಡಿಟಿಪ್ಪಣಿ ಸಂಜೆಯೊಳಗೆ ಬೇರೆ ಯಾರದೋ ಕೈಯಿಂದ ತಯಾರಾಗುತ್ತಿತ್ತು. ನಾನು ಹೋಗಲಿಲ್ಲ. ಹಾಳೆಗಳನ್ನು ತಿರುಗಿ ನಿರ್ದೇಶಕರ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ.

“ಸಹಿ ಹಾಕಿ.”

“ನೋಡೋಣ ಅಂತ—”

“ಮಾತು ಕೊಟ್ಟಿದ್ರಿ ಸ್ವಾಮಿ,” ಅಂದರು ಸಿಮೆಂಟಣ್ಣ. “ನಮ್ಮೆಲ್ಲರ ಮುಂದೆ ಕೊಟ್ರಿ. ಅವರು ಹೇಳಲ್ಲ ಅಂತ ಗೊತ್ತಿದ್ದು ಕೊಟ್ರೋ, ಹೇಳ್ತಾರೆ ಅಂತ ಕೊಟ್ರೋ, ಅದು ನಿಮಗೆ ಬಿಟ್ಟದ್ದು. ಈಗ ಹೇಳಿದ್ದಾರೆ. ನಾಳೆಯಿಂದ ನನ್ನ ವರದಿಯಲ್ಲಿ ನಾನು ಅವರ ಹೆಸರೇ ಬರೆಯೋದು. ಗೊಂದಲ ಆದೋರು ನನ್ನ ಕೇಳಲಿ.”

ಉಳಿದಿಬ್ಬರು ತಲೆಯಾಡಿಸಿದರು. ನಿರ್ದೇಶಕರು ಮೊದಲ ಹಾಳೆಯ ತಲೆಬರಹವನ್ನು ಬಹಳ ಹೊತ್ತು ನೋಡಿದರು. “ಸಭಾಂಗಣದ ಬಾಗಿಲಿಗೆ ಏನು ಮಾಡೋದು?” ಅಂದರು, ಯಾರಿಗೂ ಅಲ್ಲದ ಹಾಗೆ.

“ತಿರುಪುಳಿ ನಾನು ತರ್ತೀನಿ,” ಅಂದೆ.

ಸಹಿ ಬಿತ್ತು. ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿ, ಟಪಾಲಿನವರ ಕೈಗೆ ನಾನೇ ಕೊಟ್ಟು, ಅವರು ಚೀಲದೊಳಗೆ ಇಳಿಸುವವರೆಗೆ ನಿಂತು ನೋಡಿದೆ. ಆಮೇಲೆ ಪುಡಿ ಕೋಣೆಗೆ ಇಳಿದೆ.

ಯಂತ್ರ ಆರಿಸಿತ್ತು. ಅವಳ ಬಿಳಿ ಕೋಟು ಮಡಚಿ ಸ್ಟೂಲಿನ ಮೇಲಿತ್ತು. ಜರಡಿಗಳು ಸಾಲಾಗಿ ಗೋಡೆಯ ಮೊಳೆಗಳಲ್ಲಿದ್ದವು. ತೊಟ್ಟಿಯ ಪಕ್ಕ ಒಣಬಟ್ಟೆ ಹಾಸಿ ಅದರ ಮೇಲೆ ಒರಳನ್ನು ಬೋರಲು ಹಾಕಿತ್ತು. ಇನ್ನೂ ಹಸಿ ಇತ್ತು. ಆ ವಾರ ತೊಳೆಯುವ ಸರದಿ ನನ್ನದು. ಬೆಳಿಗ್ಗೆ ಸಭೆಯ ಗಡಿಬಿಡಿಯಲ್ಲಿ ತೊಳೆಯದೆ ಬಿಟ್ಟು ಹೋಗಿದ್ದೆ.

ಹಿಂದಿನಿಂದ ನಿರ್ದೇಶಕರು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಎರಡು ಚಹದ ಲೋಟ ಇತ್ತು. “ಬೇಜಾರು ಮಾಡ್ಕೊಂಡು ಹೋಗಿದ್ದಾರೆ. ನಾಳೆ ಬರ್ತಾರೆ ಬಿಡಿ,” ಅಂದರು.

ದಿನಾ ಹೊರಡುವಾಗ ಅಕ್ಕ “ಬರ್ತೀನಿ” ಅನ್ನುತ್ತಿದ್ದಳು, ಎಲ್ಲರೂ ಅನ್ನುವ ಹಾಗೆ. ಅವತ್ತು ಅನ್ನಲಿಲ್ಲ. ನಿರ್ದೇಶಕರು ಒಂದು ಲೋಟವನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಅದು ಸಂಜೆಯವರೆಗೂ ಅಲ್ಲೇ ಇತ್ತು, ಕೆನೆಗಟ್ಟಿ. ಮರುದಿನ ನಾನೇ ಅದನ್ನು ತೊಳೆದಿಟ್ಟೆ. ಅವಳು ಬರಲಿಲ್ಲ.